ಇಳಿಯುವಾಗ ನೋವಿನ ಕಾಲು ಮೊದಲು

ಜನವರಿ 11

ಪ್ರೀತಿಯ ಪೀಪಿ,

ನಿನ್ನ ಕಾಗದ ತಲುಪಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ನಿಮ್ಮಣ್ಣನೇ ಕಾರಣ. ಮನೆಯಲ್ಲಿ ಏನೋ ನಡೆಯುತ್ತಿದೆ, ಏನೆಂದು ತಿಳಿದ ಮೇಲೆ ಬರೆಯೋಣ ಎಂದು ಕಾದೆ. ಈಗಲೂ ತಿಳಿದಿಲ್ಲ. ಆದರೆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾತಿ ನಾನಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಾಳು ಫೋನಿನಲ್ಲಿ ನಿನಗೆ ಅರ್ಧವೂ ಕೇಳುವುದಿಲ್ಲ, ಪಕ್ಕದ ಕೋಣೆಯಲ್ಲಿ ಕೂತ ಇವರಿಗೆ ಪೂರ್ತಿ ಕೇಳುತ್ತದೆ.

ವಿಷಯ ಇಷ್ಟೇ. ನಿಮ್ಮಣ್ಣ ವ್ಯಾಯಾಮ ಮಾಡುತ್ತಿದ್ದಾರೆ.

ನಗಬೇಡ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ಮೆಟ್ಟಿಲು ಹತ್ತುವುದೆಂದರೆ ತನ್ನ ಕೆಲಸಕ್ಕೇ ಅವಮಾನ ಎಂದು ತಿಳಿದವರು. ಎಪ್ಪತ್ತೆರಡು ವಯಸ್ಸು. ಬಲಗಾಲಿನ ಮಂಡಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಒಂದು ಲೋಟ ನೀರಿಗೂ ನನ್ನ ಮುಖ ನೋಡುತ್ತಿದ್ದವರು ಈಗ ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುತ್ತಾರೆ. ಕುರ್ಚಿಯಲ್ಲಿ ಕೂರುತ್ತಾರೆ, ಕೈ ಊರದೆ ಏಳುತ್ತಾರೆ, ಮತ್ತೆ ಕೂರುತ್ತಾರೆ. ನಾನು ಅಡುಗೆ ಮಾಡುವಾಗ ಪಕ್ಕದಲ್ಲೇ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾರೆ. ಚಹಾಕ್ಕೆ ಸಕ್ಕರೆ ಬೇಡವಂತೆ.

ಇದೆಲ್ಲ ಶುರುವಾದದ್ದು ಅಕ್ಟೋಬರಿನಲ್ಲಿ. ನಾನು ನಿನ್ನ ಕಾಗದ ಓದಿ ಹೇಳುತ್ತಿದ್ದೆ, ಇವರು ಬಟಾಣಿ ಬಿಡಿಸುತ್ತಿದ್ದರು. ನಿಮ್ಮ ಬೀದಿಯ ಬಸ್‌ಸ್ಟಾಪಿನ ಸೂರಿನ ಮೇಲೆ ಯಾರದೋ ಒಂಟಿ ಕೆಂಪು ಚಪ್ಪಲಿ ಬಿದ್ದಿದೆ, ಯಾರೂ ತೆಗೆಯುವುದಿಲ್ಲ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ "ಅದನ್ನ ಇನ್ನೊಂದ್ಸಲ ಓದು" ಅಂದರು. ಓದಿದೆ. ಬಟಾಣಿಯನ್ನು ಅಲ್ಲೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಅದೇ ವಾರ ಮಂಡಿ ತೋರಿಸಲು ಆಸ್ಪತ್ರೆಗೆ ಹೋದರು. ಎಷ್ಟು ವರ್ಷದಿಂದ ನಾನು ಗೋಗರೆದರೂ ಕದಲದವರು ತಾವಾಗಿಯೇ ಹೋದರು! ಅಲ್ಲೊಬ್ಬಳು ಫಿಸಿಯೋ ಮೇಡಂ ಇದ್ದಾಳಂತೆ. ಈಗ ಬಾಯಿ ತೆರೆದರೆ "ಮೇಡಂ ಹೀಗಂದ್ರು, ಮೇಡಂ ಹಾಗಂದ್ರು."

ನಾನು ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುವ ರೀತಿಯೇ ಬೇರೆ. ನಿಮ್ಮಣ್ಣ ಈಗ ಹಾಗೆ ನೋಡುತ್ತಾರೆ.

ನೀನು ಬಂದು ನಾಲ್ಕು ದಿನ ಇದ್ದು ಹೋದರೆ ನನಗೆ ಧೈರ್ಯ. ಎರಡು ವರ್ಷದಿಂದ ನಿನ್ನದು ಏನಾದರೊಂದು ನೆಪ. ನಾನೇ ಬರೋಣವೆಂದರೆ ಇವರ ಶಪಥ ಅಡ್ಡ. ನೀನು ಆ ಐದನೇ ಮಹಡಿಯ ಮನೆ ಕೊಳ್ಳುವಾಗ ಇವರು "ಈ ಲಿಫ್ಟ್ ಬಾಳಲ್ಲ, ಮನೆ ಬೇಡ" ಅಂದರು. ನೀನು "ನಿಂಗೆ ಹೊಟ್ಟೆಕಿಚ್ಚು" ಅಂದೆ. ಇವರು "ಹಾಗಾದ್ರೆ ಆ ಮನೆಗೆ ನಾನು ಕಾಲಿಡಲ್ಲ" ಅಂದರು. ಗಂಡ ಕಾಲಿಡದ ಮನೆಗೆ ನಾನು ಯಾವ ಮುಖ ಇಟ್ಟುಕೊಂಡು ಬರಲಿ? ಅಣ್ಣ ತಂಗಿ ಇಬ್ಬರೂ ಒಂದೇ ಅಚ್ಚಿನಲ್ಲಿ ತೆಗೆದವರು, ನಡುವೆ ಸಿಕ್ಕವಳು ನಾನು.

ನೀನು ಊರಿನ ಹುಡುಗಿಯರಿಗೆಲ್ಲ ಪೀಪಿ ಊದಿ ಡ್ರಿಲ್ ಮಾಡಿಸಿದ ಟೀಚರು. ನೀನೇ ಹೇಳು, ಈ ವಯಸ್ಸಿನ ಗಂಡಸಿಗೆ ಮೈ ಗಟ್ಟಿ ಮಾಡಿಕೊಳ್ಳುವ ಆಸೆ ಇದ್ದಕ್ಕಿದ್ದಂತೆ ಯಾಕೆ ಬರುತ್ತದೆ?

ನಿದ್ದೆಗೆಟ್ಟ
ನಿನ್ನ ಅತ್ತಿಗೆ


ಜನವರಿ 20

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ನಕ್ಕೂ ನಕ್ಕೂ ಪಕ್ಕೆ ಹಿಡಿಯಿತು. ಗಂಡ ಕೂತರೆ ಸೋಮಾರಿ, ಎದ್ದರೆ ಶೋಕಿಲಾಲ. ಆ ಬಡಪಾಯಿ ಏನು ಮಾಡಬೇಕು?

ವಯಸ್ಸಾದ ಮೇಲೆ ಮೈ ಆಡಿಸಲು ಕಾರಣ ಬೇಕಿಲ್ಲ. ಆಡಿಸದೆ ಇರಲು ಬೇಕು. ಕೂತಲ್ಲೇ ಕೂತರೆ ತೊಡೆಯ ಮಾಂಸ ಕರಗುತ್ತದೆ, ಆಮೇಲೆ ಏಳಬೇಕೆಂದರೂ ಕಾಲು ಮಾತು ಕೇಳುವುದಿಲ್ಲ. ಅಣ್ಣ ಮಾಡುತ್ತಿರುವುದೆಲ್ಲ ಸರಿಯೇ. ನೀವೂ ಅವನ ಜೊತೆ ಮಾಡಿ. ಮಂಡಿ ನೋವಿರುವವನು ಮೆಟ್ಟಿಲ ಹತ್ತಿರ ಹುಷಾರಾಗಿರಬೇಕು ಅಷ್ಟೇ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಾಲು ಉಳುಕಿಸಿಕೊಂಡ ಹುಡುಗಿಯರಿಗೆಲ್ಲ ನಾನು ಇದನ್ನೇ ಬಾಯಿಪಾಠ ಮಾಡಿಸುತ್ತಿದ್ದೆ. ಅಣ್ಣನಿಗೂ ಓದಿ ಹೇಳಿ.

ನನ್ನದು ದಿನವೂ ಬೆಳಿಗ್ಗೆ ಪಾರ್ಕಿನಲ್ಲಿ ನಡಿಗೆ ತಪ್ಪುವುದಿಲ್ಲ. ಮೊನ್ನೆ ಚಳಿಗೆ ಕಾವಲುಗಾರ ಟೋಪಿ ತೆಗೆದು ಬೆಂಕಿ ಕಾಯಿಸುತ್ತಿದ್ದ, ನಡುನೆತ್ತಿಯಲ್ಲಿ ತಟ್ಟೆಯಷ್ಟು ಬೋಳು. ಪೇಪರಿನವನ ಕೊಡೆಯ ತುದಿಗೆ ಹೊಸ ತೇಪೆ ಬಿದ್ದಿದೆ. ಬಸ್‌ಸ್ಟಾಪಿನ ಮೇಲೆ ಆ ಚಪ್ಪಲಿ ಇನ್ನೂ ಹಾಗೇ ಇದೆ, ಈಗ ಅದರಲ್ಲಿ ಗುಬ್ಬಿ ನೀರು ಕುಡಿಯುತ್ತದೆ.

ಲಿಫ್ಟ್ ಬೆಣ್ಣೆಯ ಹಾಗೆ ಓಡುತ್ತಿದೆ ಎಂದು ಅಣ್ಣನಿಗೆ ತಪ್ಪದೆ ಹೇಳಿ.

ಅಂದ ಹಾಗೆ, ಚಪ್ಪಲಿಯ ವಿಷಯವನ್ನು ಅವನು ಇನ್ನೊಂದು ಸಲ ಯಾಕೆ ಓದಿಸಿದ? ಸುಮ್ಮನೆ ಕೇಳಿದೆ.

ನಿಮ್ಮ ನಾದಿನಿ
ಪೀಪಿ


ಫೆಬ್ರವರಿ 17

ಪ್ರೀತಿಯ ಪೀಪಿ,

ನೀನು ನಕ್ಕೆ. ಈಗ ಇದನ್ನು ಓದಿ ನಗು ನೋಡೋಣ.

ಫಿಸಿಯೋ ಮೇಡಂನ ನೋಡಿ ಬಂದೆ. ನನ್ನ ಭುಜ ನೋವೆಂದು ಸುಳ್ಳು ಹೇಳಿ ಒಳಗೆ ಹೋದೆ. ನಮಗೆ ಮೊಮ್ಮಗಳಾಗುವ ವಯಸ್ಸು. ಆ ಅನುಮಾನ ಅಲ್ಲೇ ಬಿಟ್ಟೆ. ಆದರೆ ಇವರ ಹೆಸರು ಎತ್ತಿದ ಕೂಡಲೇ ಹುಡುಗಿ ತಬ್ಬಿಬ್ಬಾದಳು. "ಅಮ್ಮಾ, ಅವ್ರು ಯಾರಿಗೂ ಹೇಳ್ಬೇಡಿ ಅಂದಿದಾರೆ. ನೀವು ಅವ್ರನ್ನೇ ಕೇಳಿ" ಅಂದಳು. ಅಂದರೆ ಹೇಳಬಾರದ್ದು ಏನೋ ಇದೆ ಎಂದಾಯಿತು.

ಕೇಳಿದೆ. "ಮಂಡಿಗೆ ಒಳ್ಳೇದು" ಅಂದರು. ಯಾವುದು ಎಂದರೆ ಅದಕ್ಕೂ "ಮಂಡಿಗೆ ಒಳ್ಳೇದು."

ಇನ್ನು ಸ್ಟೂಲಿನ ಕಥೆ. ಹೊಸ ವರ್ಷದಿಂದ ಇವರು ಹಿತ್ತಲಿನಲ್ಲಿ ಕೂತು ಮಡಚುವ ಸ್ಟೂಲು ಮಾಡುತ್ತಿದ್ದಾರೆ. ಕಾಲು ಮರದ್ದು, ಕೂರಲು ದಪ್ಪ ಬಟ್ಟೆ. ಬಟ್ಟೆ ಎಲ್ಲಿಂದ ಬಂತು? ಪೆಟ್ಟಿಗೆ ತೆಗೆದು ನೋಡಿದರೆ ನನ್ನ ಕೆಲಸದ ಕಪ್ಪು ಕೋಟು ಎರಡೂ ಮಾಯ. ಕೋಟನ್ನು ಕತ್ತರಿಸಿ ಹೊಲಿದಿದ್ದಾರೆ. ಒಂದು ಸ್ಟೂಲಿಗೆ ನನ್ನ ಎದೆಯ ಜೇಬು ಗುಂಡಿಯ ಸಮೇತ ಹಾಗೇ ಉಳಿದಿದೆ. ಹೋಗಲಿ, ಕೋಟು ಹೋದರೆ ಹೋಯಿತು. ಆದರೆ ಮಾಡಿದ ಸ್ಟೂಲು ಮನೆಯಲ್ಲಿ ನಿಲ್ಲುವುದಿಲ್ಲ. ಗುರುವಾರ ಬಂತೆಂದರೆ ಒಳ್ಳೇ ಅಂಗಿ ತೊಟ್ಟು, ಮೆತ್ತನೆಯ ಶೂ ಹಾಕಿ, ಸ್ಟೂಲು ಮುಗಿದಿದ್ದರೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಸಂಜೆ ಬರಿಗೈಯಲ್ಲಿ ಬರುತ್ತಾರೆ. ಅಂಗಿ ಬೆವರಿನಿಂದ ಒದ್ದೆ, ಎಡ ಅಂಗೈಯಲ್ಲಿ ಕೆಂಪಗೆ ತುಕ್ಕಿನ ಗುರುತು.

ಕಳೆದ ಗುರುವಾರ ಹಿಂದೆಯೇ ಸ್ಟೇಷನ್ನಿಗೆ ಹೋದೆ. ನಾನು ಕೆಲಸ ಕಲಿಸಿದ ಹುಡುಗಿ ಈಗ ಅಲ್ಲಿ ತಪಾಸಣೆಯಲ್ಲಿದ್ದಾಳೆ. "ನಿಮ್ಮ ಯಜಮಾನ್ರು ಪ್ರತಿ ವಾರ ಹೋಗ್ತಾರಲ್ಲ ಮೇಡಂ, ನಿಮ್ಗೆ ಗೊತ್ತಿಲ್ವಾ?" ಅಂದಳು. ಗೊತ್ತಿಲ್ಲದ ಹೆಂಡತಿ ನಾನೊಬ್ಬಳೇ.

ಅವರು ಹತ್ತುವುದು ನಿನ್ನ ಊರಿನ ಗಾಡಿ. ನಿಜ ಹೇಳು, ನಿನ್ನಲ್ಲಿಗೆ ಬರುತ್ತಾರಾ? ಬಂದರೆ ಸಂತೋಷ, ಶಪಥ ಮುರಿಯಿತೆಂದು ಸಿಹಿ ಹಂಚುತ್ತೇನೆ. ಬಾರದೆ ಹೋದರೆ ನಿನ್ನ ಊರಿನಲ್ಲಿ ಸ್ಟೂಲು ಬೇಕಾದವರು ಇನ್ಯಾರಿದ್ದಾರೆ? ಒಂದೊಂದೇ ಸಾಮಾನು ಸಾಗಿಸಿ ಎಲ್ಲೋ ಮನೆ ಹೂಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿದೆ. ನಲವತ್ತೈದು ವರ್ಷ ಜೊತೆಗಿದ್ದವಳನ್ನು ಬಿಟ್ಟು ಹೋಗುವವರು ಹೀಗೇ, ಸದ್ದಿಲ್ಲದೆ, ಒಂದೊಂದೇ ಸ್ಟೂಲು ತೆಗೆದುಕೊಂಡು ಹೋಗುತ್ತಾರೇನೋ. ನನಗೆ ಭಯವಾಗುತ್ತಿದೆ ಕಣೇ.

ನಿನ್ನ ಅತ್ತಿಗೆ


ಮಾರ್ಚ್ 3

ಪ್ರೀತಿಯ ಅತ್ತಿಗೆ,

ಅಣ್ಣ ನನ್ನಲ್ಲಿಗೆ ಬಂದಿಲ್ಲ. ದೇವರಾಣೆ ಬಂದಿಲ್ಲ. ಆದರೆ ಅವನು ಅಂಥವನಲ್ಲ ಅತ್ತಿಗೆ. ಅವನಿಗೆ ಹಠವುಂಟು, ಕಳ್ಳತನವಿಲ್ಲ. ಹಿಂದೆ ಹಿಂದೆ ಹೋಗಬೇಡಿ, ನಿಮ್ಮ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ.

ಇಲ್ಲಿ ನನಗೂ ನಿದ್ದೆಯಿಲ್ಲ. ನಮ್ಮ ಕಟ್ಟಡದಲ್ಲಿ ಯಾರೋ ಹೊಂಚು ಹಾಕುತ್ತಿದ್ದಾರೆ. ಎದುರು ಬಾಗಿಲಿನ ದರ್ಜಿ ಹೆಂಗಸು ಬಂದು ಹೇಳಿದಳು, "ಟೀಚರೇ, ಮೆಟ್ಟಿಲ ತಿರುವಿನಲ್ಲಿ ಯಾರೋ ಸ್ಟೂಲ್ ಇಟ್ಟು ಹೋಗ್ತಿದಾರೆ. ಮೊದ್ಲು ಒಂದನೇ ಮಹಡೀಲಿ ಇತ್ತು. ಆಮೇಲೆ ಎರಡನೇದ್ರಲ್ಲಿ. ಈಗ ಮೂರನೇದ್ರಲ್ಲೂ ಒಂದು." ಯಾರದೆಂದು ಯಾರಿಗೂ ಗೊತ್ತಿಲ್ಲ. ಒಂದಕ್ಕೆ ಕೂರುವ ಬಟ್ಟೆಯಲ್ಲಿ ಜೇಬು ಬೇರೆ ಇದೆಯಂತೆ. ಕಳ್ಳರು ಹೀಗೆಯೇ ಗುರುತು ಇಡುತ್ತಾರೆ, ಒಂಟಿ ಹೆಂಗಸಿನ ಮನೆಗೆ ಒಂದೊಂದೇ ಮಹಡಿ ಹತ್ತಿರವಾಗುತ್ತಾರೆ. ನಾನು ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿಸಿದ್ದೇನೆ.

ನಾನಂತೂ ಲಿಫ್ಟಿನಲ್ಲೇ ಓಡಾಡುವವಳು, ಮೆಟ್ಟಿಲಲ್ಲಿ ಯಾರು ಏನಿಟ್ಟರೆ ನನಗೇನು. ಆದರೂ ಹೆದರಿಕೆ.

ನಿಮ್ಮ ನಾದಿನಿ

ಬರೆದು ಮುಗಿಸಿ ಮತ್ತೆ ಓದಿದೆ. ನಿಮ್ಮ ಕಾಗದವನ್ನೂ ಓದಿದೆ. ಹರಿದು ಹಾಕೋಣವೆಂದುಕೊಂಡೆ, ಅಷ್ಟರಲ್ಲಿ ದರ್ಜಿ ಹೆಂಗಸು ಅಂಚೆಗೆ ಹಾಕಲು ಬಂದು ಕೈಚಾಚಿ ನಿಂತಿದ್ದಾಳೆ.


ಮಾರ್ಚ್ 8

ಪೀಪಿ,

ಕಪ್ಪು ಬಟ್ಟೆಯಾ? ಜೇಬಿನ ಗುಂಡಿ ಹಿತ್ತಾಳೆಯದಾ?

ಇನ್ನೊಂದು ಪ್ರಶ್ನೆ. ಲಿಫ್ಟ್ ಬೆಣ್ಣೆಯ ಹಾಗೆ ಓಡುವ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳಲು ಸ್ಟೂಲು ಯಾರಿಗೆ ಬೇಕು? ದಿನವೂ ಪಾರ್ಕಿಗೆ ಹೋಗುವವಳ ಕಾಗದವನ್ನು ಅಂಚೆಗೆ ಹಾಕಲು ದರ್ಜಿ ಹೆಂಗಸು ಯಾಕೆ ಬೇಕು?

ಇಷ್ಟು ದಿನ ಬೇರೆ ಬೋಗಿಯಲ್ಲಿ ಹುಡುಕುತ್ತಿದ್ದೆ ನಾನು. ಟಿಕೆಟ್ ತೋರಿಸು.

ಅತ್ತಿಗೆ


ಮಾರ್ಚ್ 15

ಅತ್ತಿಗೆ,

ಕಪ್ಪು. ಹಿತ್ತಾಳೆ.

ಲಿಫ್ಟ್ ನಿಂತು ಎರಡು ವರ್ಷವಾಯಿತು. ಮೋಟಾರು ಸುಟ್ಟಿತು, ಅದನ್ನು ಮಾಡಿದ ಕಂಪನಿಯೇ ಈಗಿಲ್ಲ. ಕೆಳಗಿನ ಮನೆಯವರಿಗೆ ಅದರ ಚಿಂತೆಯಿಲ್ಲ. ಮೊದಮೊದಲು ಮೆಟ್ಟಿಲಲ್ಲೇ ಓಡಾಡಿದೆ, ಹುಡುಗಿಯರನ್ನು ಓಡಿಸಿದ ಕಾಲಲ್ಲವೇ ಎಂಬ ಜಂಬ ಬೇರೆ. ಒಂದು ದಿನ ನಾಲ್ಕನೇ ಮಹಡಿಯ ತಿರುವಿನಲ್ಲಿ ಜಾರಿ ಬಿದ್ದೆ. ಮೂಳೆಯೇನೂ ಮುರಿಯಲಿಲ್ಲ, ಸೊಂಟ ನೊಂದಿತು. ಸೊಂಟ ವಾಸಿಯಾಯಿತು, ಹೆದರಿಕೆ ವಾಸಿಯಾಗಲಿಲ್ಲ. ಮೊದಲ ಮೆಟ್ಟಿಲಿನಲ್ಲಿ ನಿಂತರೆ ಕಾಲು ಗಡಗಡ. ನಾಳೆ ಇಳಿಯೋಣ, ನಾಡಿದ್ದು ಇಳಿಯೋಣ ಎನ್ನುತ್ತಾ ಇದ್ದೆ. ಈಗ ಕುರ್ಚಿಯಿಂದ ಏಳಲೂ ಮೇಜು ಹಿಡಿಯಬೇಕು.

ಪಾರ್ಕಿಲ್ಲ, ನಡಿಗೆಯಿಲ್ಲ. ಕಿಟಕಿಯಿಂದ ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಡುತ್ತೇನೆ. ಹಳೇ ಪೀಪಿ ಊದಿದರೆ ತರಕಾರಿಯವಳು ಗಾಡಿ ನಿಲ್ಲಿಸಿ ತುಂಬಿಸುತ್ತಾಳೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನೀವು ನಗಬಹುದು. ನಗಿ. ನಿಮಗೆ ಬರೆದ ವ್ಯಾಯಾಮವನ್ನು ನಾನು ಒಂದು ದಿನವೂ ಮಾಡಿಲ್ಲ.

ಹೇಳದೆ ಇದ್ದದ್ದು ಯಾಕೆಂದು ನಿಮಗೆ ಗೊತ್ತು. ಅಣ್ಣ ಬಂದು ಆ ಸತ್ತ ಲಿಫ್ಟಿನ ಮುಂದೆ ನಿಂತು "ನಾನು ಹೇಳಿರ್ಲಿಲ್ವಾ" ಅನ್ನುವುದನ್ನು ಕೇಳುವುದಕ್ಕಿಂತ ಮೇಲೆಯೇ ಇರುವುದು ವಾಸಿ ಎನ್ನಿಸಿತು.

ಈಗ ಅದೂ ಬೇಡ. ಅವನನ್ನು ನಿಲ್ಲಿಸಿ ಅತ್ತಿಗೆ. ಆ ಮಂಡಿ ಇಟ್ಟುಕೊಂಡು ಐದು ಮಹಡಿ! ನಾನು ಬಿದ್ದ ತಿರುವಿನಲ್ಲಿ ಅವನೂ ಬಿದ್ದರೆ? ಎಪ್ಪತ್ತೆರಡಕ್ಕೆ ಬಿದ್ದವನು ಏಳುವುದಿಲ್ಲ. ಬಂದರೂ ನಾನು ಬಾಗಿಲು ತೆಗೆಯುವುದಿಲ್ಲ ಎಂದು ಹೇಳಿ. ಅವನಿಗೆ ಹೇಗೆ ಗೊತ್ತಾಯಿತು ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ದರ್ಜಿ ಹೆಂಗಸಿನ ಮೇಲೆ ಅನುಮಾನ.

ಪೀಪಿ


ಮಾರ್ಚ್ 24

ಪ್ರೀತಿಯ ಪೀಪಿ,

ನಿನ್ನ ಕಾಗದವನ್ನು ಇವರ ಮುಂದೆ ಇಟ್ಟೆ. ಓದಿದರು, ಮಡಚಿದರು, ಕನ್ನಡಕ ಒರೆಸಿದರು. ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟರು.

"ಅಕ್ಟೋಬರಲ್ಲೇ ಒಂದ್ಸಲ ಹೋಗಿದ್ದೆ. ಲಿಫ್ಟಿನ ಬಾಗಿಲಿಗೆ ಸರಪಳಿ ಹಾಕಿದ್ರು. ಸರಿ, ಹತ್ತೋಣ ಅಂತ ಹೊರಟೆ. ಎರಡನೇ ಮಹಡೀಲಿ ಮಂಡಿ ಕೈಕೊಡ್ತು. ಕೂರೋಕೆ ಒಂದು ಜಾಗ ಇರ್ಲಿಲ್ಲ. ಗೋಡೆ ಹಿಡ್ಕೊಂಡು ನಿಂತಿದ್ದೆ. ಅಷ್ಟ್ರಲ್ಲಿ ಮೇಲಿಂದ ಪೀಪಿ ಊದೋದು ಕೇಳಿಸ್ತು."

"ಆಮೇಲೆ?"

"ಆಮೇಲೇನು. ಇಳಿದು ಬಂದೆ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಂಗೆ ಹೇಳಿದ್ರೆ ಮುಂದಿನ ಕಾಗದದಲ್ಲಿ ಅವಳಿಗೆ ಗೊತ್ತಾಗ್ತಿತ್ತು. ಅವಳು ಇನ್ನೊಂದು ಅಗುಳಿ ಹಾಕಿಸ್ತಿದ್ಲು" ಅಂದರು. ಆ ಅಗುಳಿಯನ್ನು ನಾನು ಹೇಳದೆಯೇ ನೀನು ಹಾಕಿಸಿದ್ದೀಯ.

ಹೇಗೆ ಗೊತ್ತಾಯಿತು ಎಂದರೆ ಮಾತ್ರ ಹೇಳುವುದಿಲ್ಲ. "ಅವಳೇ ಕೆಳಗೆ ಇಳಿದ ದಿನ ಅವಳಿಗೇ ಗೊತ್ತಾಗುತ್ತೆ" ಅಂತಾರೆ. ದರ್ಜಿ ಹೆಂಗಸಲ್ಲವಂತೆ.

ನಿಲ್ಲಿಸು ಎಂದು ನೀನು ಬರೆದೆ. ನನ್ನಿಂದ ಆಗದು, ನಿಲ್ಲಿಸುವ ಮನಸ್ಸೂ ಇಲ್ಲ. ಫಿಸಿಯೋ ಹುಡುಗಿಯ ಹತ್ತಿರ ಇಬ್ಬರೂ ಹೋಗಿ ಬಂದೆವು. ಆತುರ ಬೇಡ, ಕಂಬಿ ಬಿಡಬೇಡಿ, ಪ್ರತಿ ತಿರುವಿನಲ್ಲೂ ಕೂತು ಉಸಿರು ತಿರುಗಿದ ಮೇಲೆ ಏಳಿ ಎಂದಿದ್ದಾಳೆ. ತುಕ್ಕು ಹಿಡಿದ ನಿಮ್ಮ ಕಂಬಿಗೆ ಇವರು ಮರಳು ಕಾಗದ ಉಜ್ಜುತ್ತಿದ್ದಾರಂತೆ. ನಾಲ್ಕನೇ ಸ್ಟೂಲು ಹೋಗುವುದು ನೀನು ಬಿದ್ದ ತಿರುವಿಗೆ. ಅದರ ಹೊಲಿಗೆ ನನ್ನದು.

ಇನ್ನೊಂದು ಮಾತು. ಮೂರನೇ ಮಹಡಿಯ ಸ್ಟೂಲಿನ ಜೇಬಿನಲ್ಲಿ ನಿನಗೆ ನಾನೇ ಕೈಯಾರೆ ಬರೆದ, ದಿನಾಂಕವಿಲ್ಲದ ಒಂದು ಟಿಕೆಟ್ ಇಡಿಸುತ್ತಿದ್ದೇನೆ, ನಿನ್ನ ಊರಿಂದ ನಮ್ಮ ಊರಿಗೆ. ಬೇಕಾದರೆ ಇಳಿದು ಬಂದು ತೆಗೆದುಕೋ. ನಾನಂತೂ ಮೇಲಕ್ಕೆ ತಂದು ಕೊಡುವವಳಲ್ಲ.

ಬಾಗಿಲಿನ ಅಗುಳಿ ಎರಡನ್ನೂ ತೆಗೆದಿಡು.

ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವ
ನಿನ್ನ ಅತ್ತಿಗೆ


ಜೂನ್ 2

ಪ್ರೀತಿಯ ಅತ್ತಿಗೆ,

ಅಣ್ಣ ಬಂದು ಹೋದ ಸುದ್ದಿ ಅವನ ಬಾಯಿಂದ ಕೇಳಿರುತ್ತೀರಿ. ಅವನ ಬಾಯಿಂದ ಎಂದರೆ ಎರಡೇ ಮಾತು. ಉಳಿದದ್ದನ್ನು ನಾನು ಬರೆಯುತ್ತೇನೆ.

ಅವನು ಮೊದಲ ಸಲ ಮೇಲೆ ಬಂದ ಗುರುವಾರ ಬೆಳಿಗ್ಗೆಯಿಂದ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮೆಟ್ಟಿಲಲ್ಲಿ ಶೂ ಸದ್ದು ಬರುವುದು, ನಿಲ್ಲುವುದು, ಸ್ಟೂಲು ಕಿರ್ ಎನ್ನುವುದು. ಮತ್ತೆ ಶೂ ಸದ್ದು. ಸದ್ದು ನಿಂತಾಗಲೆಲ್ಲ ಬಾಗಿಲಿಗೆ ಕಿವಿಯಿಟ್ಟೆ. ನಾಲ್ಕನೇ ತಿರುವಿನಲ್ಲಿ ಎಷ್ಟು ಹೊತ್ತಾದರೂ ಸದ್ದಿಲ್ಲ. ಮನಸ್ಸಿನಲ್ಲೇ ಅವನಿಗೆ ಹೇಳಿದೆ: ಏಳು, ನಿನ್ನ ದಮ್ಮಯ್ಯ, ಏಳು. ಆಮೇಲೆ ಬಾಗಿಲು ತಟ್ಟಿದ.

"ನಾನು ಹೇಳಿರ್ಲಿಲ್ವಾ" ಎಂಬ ಮಾತಿಗೆ ಉತ್ತರವನ್ನು ಎರಡು ವರ್ಷದಿಂದ ತಯಾರಿಟ್ಟುಕೊಂಡಿದ್ದೆ. ಅವನು ಅದನ್ನು ಹೇಳಲೇ ಇಲ್ಲ. ನೀರು ಕೇಳಿದ, ಕುಡಿದ. ಕಿಟಕಿ, ಹಗ್ಗ, ಬುಟ್ಟಿ ಎಲ್ಲ ನೋಡಿದ. ಆಮೇಲೆ ನನ್ನೆದುರು ಕುರ್ಚಿ ಎಳೆದು ಕೂತು ಅಂದ, "ಏಳು ನೋಡೋಣ. ಕೈ ಊರ್ಬೇಡ."

ಆಗಲಿಲ್ಲ ಅತ್ತಿಗೆ. ಅತ್ತುಬಿಟ್ಟೆ. ಅವನು ಎರಡೂ ಕೈ ಹಿಡಿದ. "ನೀನೇ ಬರೆದದ್ದು. ಓದಿದ ನಾನು ಇಲ್ಲಿಗೆ ಬಂದಿದೀನಿ, ಬರೆದ ನೀನು ಅಲ್ಲೇ ಕೂತಿದೀಯ. ಇನ್ನೊಂದ್ಸಲ."

ಅಲ್ಲಿಂದ ಪ್ರತಿ ಗುರುವಾರ ಅವನು ಟೀಚರು, ನಾನು ವಿದ್ಯಾರ್ಥಿನಿ. ನನ್ನ ಪೀಪಿಯನ್ನೂ ಕಿತ್ತುಕೊಂಡ, ತಪ್ಪು ಮಾಡಿದರೆ ಊದುತ್ತಾನೆ. ಉಳಿದ ದಿನ ದರ್ಜಿ ಹೆಂಗಸು ಕಾವಲು. ಅವಳು ಮೊದಲಿಂದಲೂ ಇವನ ಪಕ್ಷವೇ ಎಂಬ ಅನುಮಾನ ನನಗೆ ಹೋಗಿಲ್ಲ. ಮೊದಲ ದಿನ ಮೂರು ಮೆಟ್ಟಿಲು ಇಳಿದು ಹತ್ತಿದೆ. ಆಮೇಲೆ ಬಿದ್ದ ತಿರುವಿನ ತನಕ. ಅಲ್ಲಿ ನಿಮ್ಮ ಹೊಲಿಗೆಯ ಮೇಲೆ ಕೂತೆ, ನಡುಕ ನಿಲ್ಲುವ ತನಕ ಕೂತೆ. ಎದ್ದೆ. ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹುಡುಗಿಯರ ಹಾಗೆ ಬಾಯಿಪಾಠ ಹೇಳಿಕೊಂಡು ಇಳಿದೆ. ಮೂರನೇ ಮಹಡಿಯ ಜೇಬಿನಿಂದ ಟಿಕೆಟ್ ತೆಗೆದುಕೊಂಡ ದಿನ ಮನೆಗೆ ವಾಪಸ್ ಬಂದು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ತಪಾಸಣೆಗೆ ಬಂದರೆ ತೋರಿಸುತ್ತೇನೆ. ಮುಂದಿನ ತಿಂಗಳು ನಾನೇ ಬರುತ್ತೇನೆ.

ಈ ಕಾಗದ ಬರೆಯುತ್ತಿರುವುದು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು. ಇವತ್ತು ಗುರುವಾರ, ಬೆಳಿಗ್ಗೆ ಅಣ್ಣನ ಜೊತೆ ಕೆಳಗೆ ಬಂದೆ. ಹೋದ ವರ್ಷ ಬಂದ ಕಾವಲುಗಾರನಿಗೆ ಮೀಸೆ ಇದೆ ಎಂದು ಇವತ್ತೇ ಗೊತ್ತಾದದ್ದು. ಅವನು ಯಾರಿವರು ಎಂಬಂತೆ ನನ್ನನ್ನು ನೋಡಿದ. ಮತ್ತೆ ಐದು ಮಹಡಿ ಹತ್ತುವ ಚಿಂತೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.

ಇಷ್ಟು ವರ್ಷ ನಿಮಗೆ ಬರೆದದ್ದನ್ನೆಲ್ಲ ಅಣ್ಣನಿಗೆ ಒಂದೊಂದಾಗಿ ತೋರಿಸೋಣ ಎಂದು ಹೊರಟೆ. ಮೊದಲು ಆ ಕೆಂಪು ಚಪ್ಪಲಿ. ಬೆಂಚಿನಿಂದ ತಲೆ ಎತ್ತಿ ನೋಡಿದೆ, ತಗಡು ಮಾತ್ರ ಕಂಡಿತು. ಎದ್ದು ಬೀದಿಯ ಅಂಚಿಗೆ ಹೋಗಿ ನೋಡಿದೆ. ಬೀದಿ ದಾಟಿ ಎದುರಿನ ಫುಟ್‌ಪಾತಿನಲ್ಲಿ ನಿಂತು, ಹಿಮ್ಮಡಿ ಎತ್ತಿ, ಕತ್ತು ಚಾಚಿ ನೋಡಿದೆ. ತಿರುಗಿ ನೋಡಿದರೆ ಅಣ್ಣ ಬೆಂಚಿನ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದ, ನೀವು ಹೇಳುವ ಟಿಕೆಟ್ ಇಲ್ಲದವನ ಹಾಗೆ.

ಚಪ್ಪಲಿ ಅಲ್ಲೇ ಇದೆ, ನಿನ್ನೆ ಸಂಜೆಯೂ ಕಿಟಕಿಯಿಂದ ನೋಡಿದ್ದೆ. ಆದರೆ ಬೀದಿಯಲ್ಲಿ ನಡೆಯುವವರಿಗೆ ಅದು ಕಾಣುವುದೇ ಇಲ್ಲ ಅತ್ತಿಗೆ.

ನಿಮ್ಮ ನಾದಿನಿ
ಪೀಪಿ